ಜೆಟ್ಟಿಗೆ ಮೈಲೇಜ್ ಎಷ್ಟು? ಅಜ್ಜಂಪುರದ ಈರುಳ್ಳಿ ಲಾರಿ ಹೇಳಿದ ಲೆಕ್ಕ

ಹೋದ ವಾರ ತರೀಕೆರೆಯ ಕೇಳುಗರೊಬ್ಬರು ಪ್ರೈವೇಟ್ ಜೆಟ್‌ನ ರೀಲ್ ಕಳಿಸಿ, ವಾಯ್ಸ್ ನೋಟ್‌ನಲ್ಲಿ ಕೇಳಿದ್ರು: "ಬ್ರೋ, ಇದು ಲೀಟರಿಗೆ ಎಷ್ಟು ಕೊಡುತ್ತೆ?" ತಮಾಷೆಗೆ ಕೇಳಿದ್ದು. ಆದ್ರೆ ನಮ್ಮಪ್ಪ ಅಜ್ಜಂಪುರದಿಂದ ಯಶವಂತಪುರಕ್ಕೆ ಈರುಳ್ಳಿ ಸಾಗಿಸೋ ಲಾರಿಯವರು. ನಮ್ಮನೇಲಿ ಮೈಲೇಜ್ ಅಂದ್ರೆ ತಮಾಷೆ ಅಲ್ಲ.

ವಿಮಾನದವರು ಲೀಟರಿಗೆ ಎಷ್ಟು ಕಿಲೋಮೀಟರ್ ಅಂತ ನೋಡಲ್ಲ, ಗಂಟೆಗೆ ಎಷ್ಟು ಇಂಧನ ಅಂತ ನೋಡ್ತಾರೆ. ನಾಲ್ಕೈದು ಜನರ ಸಣ್ಣ ಜೆಟ್ ಗಂಟೆಗೆ ಸುಮಾರು 500ರಿಂದ 600 ಲೀಟರ್ ಸುಡುತ್ತೆ. ಏಳೆಂಟು ಜನರ ಹಾಕರ್ 800 ಥರದ್ದು ಸುಮಾರು 1,000 ಲೀಟರ್. ದೊಡ್ಡ ಗಲ್ಫ್‌ಸ್ಟ್ರೀಮ್ 1,500 ದಾಟುತ್ತೆ. ಮೇಲೇರುವಾಗ ಜಾಸ್ತಿ ಬೇಕು, ಗಾಳಿ ತೆಳುವಾಗಿರೋ ಎತ್ತರ ಮುಟ್ಟಿದ ಮೇಲೆ ಕಡಿಮೆ ಸಾಕು. ಅದಕ್ಕೇ ಹತ್ತಿರದ ಹಾರಾಟ ಕಿಲೋಮೀಟರ್ ಲೆಕ್ಕದಲ್ಲಿ ಇನ್ನೂ ದುಬಾರಿ.

ಈ ಇಂಧನದ ಹೆಸರು ಎಟಿಎಫ್. ಹೆಚ್ಚು ಶುದ್ಧಿ ಮಾಡಿದ ಸೀಮೆಎಣ್ಣೆ ಅಂದ್ಕೊಳ್ಳಿ. ಪ್ರತಿ ತಿಂಗಳು 1ನೇ ತಾರೀಖು ದರ ಬದಲಾಗುತ್ತೆ. ಡೀಸೆಲ್ ಥರಾನೇ ಇದೂ ಜಿಎಸ್‌ಟಿಯಿಂದ ಹೊರಗೆ: ಕೇಂದ್ರದ ಅಬಕಾರಿ ಸುಂಕ, ಮೇಲೆ ರಾಜ್ಯದ ವ್ಯಾಟ್. ಕಟ್ಟಿದ ಈ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಸಿಗಲ್ಲ.

ಲೆಕ್ಕ ಸುಲಭ ಆಗ್ಲಿ ಅಂತ ಲೀಟರಿಗೆ 100 ರೂಪಾಯಿ ಹಿಡಿಯೋಣ. ಬೆಂಗಳೂರಿಂದ ದೆಹಲಿಗೆ ಎರಡೂವರೆ ಗಂಟೆ. ಹಾಕರ್‌ಗೆ 2,500 ಲೀಟರ್, ಎರಡೂವರೆ ಲಕ್ಷ ರೂಪಾಯಿ. ಒಳಗೆ ಇಬ್ಬರೇ ಕೂತಿದ್ರೆ ತಲೆಗೆ 1,250 ಲೀಟರ್. ಅಪ್ಪನ ಗಾಡಿ ಲೋಡ್ ಇದ್ದಾಗ ಲೀಟರಿಗೆ 7 ಕಿಲೋಮೀಟರ್ ಕೊಡುತ್ತೆ. ಯಶವಂತಪುರಕ್ಕೆ ಸುಮಾರು 230 ಕಿಲೋಮೀಟರ್, ಅಂದ್ರೆ 33 ಲೀಟರ್. ಜೆಟ್‌ನಲ್ಲಿ ಒಬ್ಬರ ಪಾಲಿನ ಇಂಧನದಷ್ಟು ಡೀಸೆಲ್ ಕೊಟ್ರೆ, ಅಪ್ಪ 37 ಸಲ ಈರುಳ್ಳಿ ಮುಟ್ಟಿಸ್ತಾರೆ.

ಸೀಟು ತುಂಬಿದ್ರೆ ಕಥೆ ಬೇರೆ. 2023ರ ಆಗಸ್ಟ್ 31ರಂದು ಶಿವಮೊಗ್ಗಕ್ಕೆ ಇಂಡಿಗೊ ಶುರುವಾಯ್ತಲ್ಲ, ಆ ಎಟಿಆರ್ ವಿಮಾನ ಗಂಟೆಗೆ ಸುಮಾರು 800 ಲೀಟರ್ ಸುಡುತ್ತೆ. ಆದ್ರೆ 78 ಸೀಟು. ತುಂಬಿದ್ರೆ ಗಂಟೆಗೆ ತಲೆಗೆ 10 ಲೀಟರ್ ಅಷ್ಟೇ.

ಇನ್ನೊಂದು ಖರ್ಚು ರೀಲ್‌ನಲ್ಲಿ ಕಾಣಲ್ಲ. ಸಾಹೇಬ್ರನ್ನ ದೆಹಲಿಗೆ ಬಿಟ್ಟ ಜೆಟ್ ಎಷ್ಟೋ ಸಲ ಖಾಲಿ ವಾಪಸ್ ಬರುತ್ತೆ. ಆಗ ಎರಡೂವರೆ ಲಕ್ಷ ಹೋಗಿ ಐದು ಲಕ್ಷ. ಅದಕ್ಕೇ ಚಾರ್ಟರ್ ಕಂಪನಿಗಳು ಈ ಖಾಲಿ ಟ್ರಿಪ್ಪನ್ನ ಕಡಿಮೆ ರೇಟಿಗೆ ಮಾರ್ತವೆ. ಲಾರಿಯವರು ರಿಟರ್ನ್ ಲೋಡ್ ಹುಡುಕ್ತಾರಲ್ಲ, ಹಾಗೇ.

ಹಾಗಾದ್ರೆ ಹಾರಿಸದೇ ನಿಲ್ಲಿಸಿದ್ರೆ ಉಳಿತಾಯವಾ? ನಮ್ಮ ವಿಜಯ್ ಮಲ್ಯ ಅವರ ಏರ್‌ಬಸ್ ಎ319 ನೋಡಿ. ಕಿಂಗ್‌ಫಿಷರ್ 2012ರಲ್ಲಿ ನಿಂತ ಮೇಲೆ ಸೇವಾ ತೆರಿಗೆ ಇಲಾಖೆ ಅದನ್ನ ಜಪ್ತಿ ಮಾಡ್ತು. ಮುಂಬೈ ನಿಲ್ದಾಣದಲ್ಲಿ ವರ್ಷಗಟ್ಟಲೆ ನಿಂತೇ ಇತ್ತು. 2016ರ ಹರಾಜಿಗೆ ಇಟ್ಟ ಮೂಲ ಬೆಲೆ 152 ಕೋಟಿ. 2018ರಲ್ಲಿ ಕೊನೆಗೂ ಮಾರಾಟ ಆಗಿದ್ದು ಸುಮಾರು 35 ಕೋಟಿಗೆ. ಹಾರದೇ ಇದ್ದಾಗಲೇ ಅಷ್ಟೊಂದು ಬೆಲೆ ಕರಗಿತ್ತು. ಪೈಲಟ್ ಸಂಬಳ, ಇನ್ಶೂರೆನ್ಸ್, ರಿಪೇರಿ, ಸಾಲದ ಬಡ್ಡಿ ಯಾವುದೂ ಹಾರಾಟಕ್ಕೆ ಕಾಯಲ್ಲ. ಬಿಕಾಂನಲ್ಲಿ ಇದಕ್ಕೆ ಸ್ಥಿರ ವೆಚ್ಚ ಅಂತೀವಿ.

ನಾನು ಅದನ್ನ ಓದಿದ್ದೆ, ಅರ್ಥ ಮಾಡ್ಕೊಂಡಿರ್ಲಿಲ್ಲ. ಮೂರು ವರ್ಷದ ಹಿಂದೆ ಡೀಸೆಲ್ ಬಿಲ್ ನೋಡಿ, "ಬರೋವಾಗ ಖಾಲಿ ಬರ್ತೀಯ, ಗಾಡಿ ನಿಲ್ಸಪ್ಪ" ಅಂದೆ. ಅಪ್ಪ ನನ್ನ ಡಿಗ್ರಿ ನಂಬಿ ನಿಲ್ಸಿದ್ರು. ಮೂರು ತಿಂಗಳು ಡೀಸೆಲ್ ಉಳೀತು. ಕಂತು, ಇನ್ಶೂರೆನ್ಸ್ ಮಾತ್ರ ತಪ್ಪದೇ ಬಂತು. ಅಮ್ಮನ ಸರ ಗಿರವಿಗೆ ಹೋಯ್ತು.

ಆಮೇಲೆ ಅಪ್ಪ ನನ್ನ ಕೇಳಲಿಲ್ಲ. ಕಡೂರು, ಬೀರೂರಿನ ಅಂಗಡಿಯವರ ಹತ್ರ ಮಾತಾಡಿ, ವಾಪಸ್ ಬರುವಾಗ ದಿನಸಿ ತರೋಕೆ ಶುರು ಮಾಡಿದ್ರು. ಸರ ಹೋದ ಯುಗಾದಿಗೆ ಮನೆಗೆ ಬಂತು.

ಸೋ ತರೀಕೆರೆ ಬ್ರೋ, ಮೈಲೇಜ್ ಆಮೇಲೆ ಕೇಳೋಣ. ಜೆಟ್ ಇರ್ಲಿ, ಲಾರಿ ಇರ್ಲಿ, ಮೊದಲು ಕೇಳಬೇಕಾದ್ದು ಎರಡೇ: ಒಳಗೆ ಎಷ್ಟು ತುಂಬಿದೆ, ವಾಪಸ್ ಬರುವಾಗ ಏನು ತರುತ್ತೆ? ಮುಂದಿನ ವಾರ ಸಿಗೋಣ.