ಹೃದಯದ ಆಪರೇಷನ್ ಆದಮೇಲೆ ಲಕ್ವ: ಗುರುತಿಸುವುದು ಹೇಗೆ?

ನಮ್ಮ ತಾಯಿಯವರಿಗೆ ಹೃದಯದ ಶಸ್ತ್ರಚಿಕಿತ್ಸೆಯಾದ ವಿಷಯ ಬಳಗದ ಅನೇಕರಿಗೆ ತಿಳಿದೇ ಇದೆ. ಆಗ ಆಸ್ಪತ್ರೆಗೆ ಬಂದು ನೋಡಿದವರಿಗೆ, ಮನೆಗೆ ಸಾರು ಅನ್ನ ತಂದುಕೊಟ್ಟವರಿಗೆ ನಾವು ಋಣಿಗಳು. ಆದರೆ ನಾಲ್ಕನೆಯ ದಿನ ನಡೆದದ್ದನ್ನು ಎಲ್ಲರಿಗೂ ಹೇಳಿಕೊಂಡಿರಲಿಲ್ಲ. ಸಂಪಾದಕರ ಒತ್ತಾಯಕ್ಕೆ ಅಕ್ಕ ತಮ್ಮ ಇಬ್ಬರೂ ಕೂತು ಇದನ್ನು ಬರೆಯುತ್ತಿದ್ದೇವೆ. ನಾವು ವೈದ್ಯರಲ್ಲ. ವೈದ್ಯರನ್ನು ಕಾಡಿ ಬೇಡಿ ಕೇಳಿ ತಿಳಿದುಕೊಂಡದ್ದು ಹಿರಿಯರಿರುವ ಮನೆಗಳಿಗೆ ಉಪಯೋಗವಾದೀತೆಂಬ ಆಸೆಯಷ್ಟೆ.

ಸೋಮವಾರ ಆಪರೇಷನ್, ಹೃದಯದ ಒಂದು ಕವಾಟ ಬದಲಾಯಿಸಿದರು. ಮಂಗಳವಾರ ಅಮ್ಮ ಕಣ್ಣು ಬಿಟ್ಟರು, ಕೈಕಾಲು ಆಡಿಸಿದರು. ಬುಧವಾರ ರಾತ್ರಿ ಎಂಟೂವರೆಗೆ ಟೆಲಿಫೋನಿನಲ್ಲಿ, "ಇಲ್ಲಿಯ ಸೂಪಿಗೆ ಉಪ್ಪೂ ಇಲ್ಲ ಖಾರವೂ ಇಲ್ಲ, ನಾಳೆ ಬರುವಾಗ ಒಂದಿಷ್ಟು ಚಟ್ನಿಪುಡಿ ತಾರೇ" ಎಂದರು. ಗೆದ್ದೆವು ಎಂದುಕೊಂಡೆವು.

ಗುರುವಾರ ಮಧ್ಯಾಹ್ನ ಎರಡಕ್ಕೆ ಚಟ್ನಿಪುಡಿಯ ಡಬ್ಬಿ ಹಿಡಿದುಕೊಂಡು ಹೋದೆವು. ನರ್ಸ್ ನಗುನಗುತ್ತ, ನಿಮ್ಮ ತಾಯಿ ಬೆಳಿಗ್ಗೆಯಿಂದ ನಿಮ್ಮ ಭಾಷೆಯಲ್ಲಿ ಮಾತಾಡುತ್ತಲೇ ಇದ್ದಾರೆ, ಇವತ್ತು ತುಂಬ ಗೆಲುವು ಎಂದಳು. ಹೌದು, ಮಾತು ಸಾಗಿತ್ತು. ಏರಿಳಿತ ಕನ್ನಡದ್ದೇ, ರಾಗ ಅಮ್ಮನದೇ. ಆದರೆ "ಹಾಲು ಬಾಗಿಲಿಗೆ ಹೋಗಿ ಆ ಸಿಕ್ಕಲು ಇಟ್ಟಿತು ಕಣೋ" ಎಂಬಂಥ ಮಾತು. ತಲೆಯಿಲ್ಲ, ಬುಡವಿಲ್ಲ.

ಅರಿವಳಿಕೆ, ನೋವಿನ ಔಷಧ, ನಿದ್ದೆಯಿಲ್ಲದ ರಾತ್ರಿಗಳಿಂದ ವಯಸ್ಸಾದವರಿಗೆ ಕೆಲವು ದಿನ ಬುದ್ಧಿಯ ಗಲಿಬಿಲಿಯಾಗುವುದುಂಟು ಎಂದು ಮೊದಲೇ ಹೇಳಿದ್ದರು. ಇದೂ ಅದೇ ಇರಬೇಕೆಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡು ಕ್ಯಾಂಟೀನಿಗೆ ಹೋಗಿ ಚಹಾ ಕುಡಿದೆವು. ಆ ಚಹಾ ಇವತ್ತಿಗೂ ಗಂಟಲಿನಿಂದ ಇಳಿದಿಲ್ಲ.

ಹಿಂದಿರುಗಿದಾಗ ಗಂಟೆ ನಾಲ್ಕು. ಬಲಗಡೆ ಇಟ್ಟುಹೋಗಿದ್ದ ಡಬ್ಬಿಯತ್ತ ಅಮ್ಮನ ದೃಷ್ಟಿಯೇ ಹೊರಳಲಿಲ್ಲ. "ಅಮ್ಮಾ, ಕಣ್ಣು ಮುಚ್ಚಮ್ಮಾ" ಎಂದರೆ ಸುಮ್ಮನೆ ನಕ್ಕರು. ಎರಡು ಬೆರಳು ತೋರಿಸು ಎಂದರೂ ಅದೇ ನಗು. ಆಗ ಎದೆ ಝಲ್ಲೆಂದಿತು. ನರ್ಸಿಗೆ ಓಡಿಹೋಗಿ ಹೇಳಿದೆವು: "ಅವರು ಮಾತಾಡುತ್ತಿರುವುದು ಕನ್ನಡವಲ್ಲ."

ಅವಳು ಮುಖ ನೋಡಿದ್ದಳು, ನೆಟ್ಟಗಿತ್ತು. ಕೈ ಎತ್ತಿಸಿದ್ದಳು, ಎರಡೂ ಎದ್ದಿದ್ದವು. ಭಾಷೆ ತಿಳಿಯದವಳಿಗೆ ಮಾತು ಕೆಟ್ಟಿದೆ ಎಂದು ಹೇಗೆ ಗೊತ್ತಾಗಬೇಕು? ಅದು ತಿಳಿಯಬೇಕಾದವರು ನಾವಿಬ್ಬರೇ. ನಾವು ಚಹಾ ಕುಡಿಯುತ್ತಿದ್ದೆವು.

ಬಂದ ವೈದ್ಯರ ಮೊದಲ ಪ್ರಶ್ನೆ, ಕೊನೆಯ ಬಾರಿ ಸರಿಯಾಗಿ ಮಾತಾಡಿದ್ದು ಎಷ್ಟು ಹೊತ್ತಿಗೆ ಎಂಬುದು. ಎಂಟೂವರೆಯ ಆ ಟೆಲಿಫೋನ್ ಬಿಟ್ಟರೆ ನಮ್ಮಲ್ಲಿ ಉತ್ತರವಿರಲಿಲ್ಲ. ಸ್ಕ್ಯಾನ್‌ನಲ್ಲಿ ಮಿದುಳಿನ ಎಡಭಾಗದ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡದ್ದು ಕಂಡಿತು. ಹೆಪ್ಪು ಕರಗಿಸುವ ಇಂಜೆಕ್ಷನ್ ಲಕ್ಷಣ ತೋರಿದ ನಾಲ್ಕೂವರೆ ಗಂಟೆಯೊಳಗೆ ಕೊಡುವಂಥದ್ದು. ಆದರೆ ಎದೆ ತೆರೆದು ಕೆಲವೇ ದಿನವಾದವರಿಗೆ ರಕ್ತಸ್ರಾವದ ಭಯದಿಂದ ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ. ಇನ್ನೊಂದು ದಾರಿ, ತೊಡೆಯ ಅಥವಾ ಮುಂಗೈಯ ರಕ್ತನಾಳದ ಮೂಲಕ ನಳಿಗೆ ಹಾಕಿ ಹೆಪ್ಪನ್ನು ಎಳೆದು ತೆಗೆಯುವುದು. ಇದರ ಪ್ರಯೋಜನ 2015ರಲ್ಲಿ ಪ್ರಕಟವಾದ ಪರೀಕ್ಷೆಗಳಿಂದ ದೃಢವಾಯಿತು. ಶಸ್ತ್ರಚಿಕಿತ್ಸೆಯಾದವರಿಗೂ ಇದನ್ನು ಮಾಡಬಹುದು. ಸಾಮಾನ್ಯವಾಗಿ ಆರು ಗಂಟೆಯೊಳಗೆ, ಆಯ್ದ ಕೆಲವರಿಗೆ 24 ಗಂಟೆಯವರೆಗೂ ಸಾಧ್ಯ. ಆದರೆ ಅದು ಮುಖ್ಯವಾಗಿ ದೊಡ್ಡ ನಾಳಗಳಿಗೆ. ಅಮ್ಮನ ನಾಳ ಚಿಕ್ಕದು. ಆ ಎರಡು ಗಂಟೆಯಿಂದ ಅವರಿಗೇನೂ ವ್ಯತ್ಯಾಸವಾಗಲಾರದಿತ್ತು ಎಂದು ವೈದ್ಯರು ದಯೆಯಿಂದ ಹೇಳಿದರು. ಇನ್ನೊಬ್ಬರಿಗೆ ಆಗಬಹುದು.

ಹೃದಯ ಸರಿಮಾಡಲು ಹೋದರೆ ತಲೆಗೇಕೆ ಪೆಟ್ಟು ಎಂದು ಕೇಳಿದೆವು. ಬೈಪಾಸ್ ಆದವರಲ್ಲಿ ನೂರಕ್ಕೆ ಒಬ್ಬಿಬ್ಬರಿಗೆ ಹೀಗಾಗುತ್ತದಂತೆ. ಕವಾಟದ ಆಪರೇಷನ್ನೂ ಜೊತೆಗೂಡಿದರೆ ಇನ್ನಷ್ಟು ಹೆಚ್ಚು. ಮಹಾಪಧಮನಿಗೆ ಇಕ್ಕಳ ಹಾಕುವಾಗ ಅದರ ಒಳಗೋಡೆಯ ಗಸಿ ಕಿತ್ತು ಮಿದುಳಿಗೆ ಹೋಗಬಹುದು, ಗಾಳಿಯ ಗುಳ್ಳೆ ಹೋಗಬಹುದು, ರಕ್ತದೊತ್ತಡ ತೀರ ಇಳಿಯಬಹುದು. ಇಂಥವು ಅರಿವಳಿಕೆ ಇಳಿದು ಎಚ್ಚರವಾಗುವಾಗಲೇ ಗೊತ್ತಾಗುತ್ತವೆ: ಎಚ್ಚರವಾಗಬೇಕಾದ ಹೊತ್ತಿಗೆ ಆಗುವುದಿಲ್ಲ, ಅಥವಾ ಒಂದು ಕೈ ಆಡುವುದಿಲ್ಲ. ಇನ್ನೊಂದು ಬಗೆ, ಚೆನ್ನಾಗಿ ಎಚ್ಚರವಾಗಿ ಮಾತಾಡಿದ ಎರಡು ಮೂರು ದಿನದ ಮೇಲೆ ಬರುವುದು. ಆಪರೇಷನ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಆ ದಿನಗಳಲ್ಲಿ ನಾಡಿಯ ತಾಳ ತಪ್ಪುತ್ತದೆ. ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ. ಹೃದಯದಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ ಮೇಲಕ್ಕೆ ಹೋಗುತ್ತದೆ. ಅಮ್ಮನಿಗೆ ಆದದ್ದು ಇದೇ.

ಮುಖ, ತೋಳು, ಮಾತು ನೋಡಿ, ಹೊತ್ತು ಕಳೆಯಬೇಡಿ ಎಂಬ 'ಫಾಸ್ಟ್' ಸೂತ್ರವನ್ನು 2009ರಿಂದ ಇಂಗ್ಲೆಂಡಿನ ಟೆಲಿವಿಷನ್ನಿನಲ್ಲಿ ನಾವೆಲ್ಲ ನೋಡಿದ್ದೇವೆ. ಅದು ಒಳ್ಳೆಯದೇ, ಸಾಲದು. ತಟ್ಟೆಯ ಒಂದು ಪಕ್ಕದ ಊಟ ಮಾತ್ರ ಹಾಗೇ ಉಳಿದಿದೆಯೆ? ಒಂದು ಕಡೆ ನಿಂತವರನ್ನು ಗಮನಿಸುವುದೇ ಇಲ್ಲವೆ? ಕೂತಲ್ಲಿ ಒಂದೇ ಪಕ್ಕಕ್ಕೆ ವಾಲುತ್ತಾರೆಯೆ? ಇವನ್ನೂ ನೋಡಬೇಕು. ಔಷಧದ ಗಲಿಬಿಲಿ ಹೊತ್ತಿಗೊಂದು ತರಹ ಏರಿ ಇಳಿಯುತ್ತದೆ. ಲಕ್ವ ಥಟ್ಟನೆ ಬರುತ್ತದೆ. ಎದೆಮೂಳೆ ಅಗಲಿಸಿದಾಗ ತೋಳಿನ ನರ ಜಗ್ಗಿ ಕಿರುಬೆರಳು, ಉಂಗುರಬೆರಳು ಜುಮ್ಮೆನ್ನುವುದೂ ಉಂಟು, ಅದು ಲಕ್ವವಲ್ಲ. ಯಾವುದು ಯಾವುದೆಂದು ತೀರ್ಮಾನಿಸುವ ಕೆಲಸ ವೈದ್ಯರದು. ನಮ್ಮ ಕೆಲಸ ಗಂಟೆ ಗುರುತುಹಾಕಿಕೊಂಡು ಆ ಕ್ಷಣವೇ ಹೇಳುವುದು. ಮನೆಗೆ ಬಂದಮೇಲಾದರೆ 999ಕ್ಕೆ ಫೋನ್ ಮಾಡಿ, ಆಪರೇಷನ್ ಆದ ದಿನವನ್ನೂ ಹೇಳಬೇಕು.

ಅಮ್ಮ ಈಗ ಮನೆಯಲ್ಲಿದ್ದಾರೆ. ಮಾತು ಮುಕ್ಕಾಲುಪಾಲು ಹಿಂತಿರುಗಿದೆ. ಕಾಫಿಗೆ ಒಮ್ಮೊಮ್ಮೆ 'ಕೊಡೆ' ಎನ್ನುತ್ತಾರೆ. ತಪ್ಪೆಂದು ತಮಗೇ ತಿಳಿದು ಕಣ್ಣು ತುಂಬಿಕೊಳ್ಳುತ್ತಾರೆ. ಮಾತು ಕಲಿಸಲು ಬರುವ ಹುಡುಗಿಗೆ ಕನ್ನಡ ಬಾರದು, ನಾವು ಪಕ್ಕದಲ್ಲಿ ಕೂರುತ್ತೇವೆ.

ಆಸ್ಪತ್ರೆಯಲ್ಲಿ ಹಾಸಿಗೆಯ ತಲೆಯ ಬಳಿ ಅಂಟಿಸಲು ಒಂದು ಹಾಳೆ ಮಾಡಿದ್ದೇವೆ. ಕಣ್ಣು ಮುಚ್ಚಿ, ಎರಡೂ ಕೈ ಎತ್ತಿ, ನಗಿ, ನಿಮ್ಮ ಹೆಸರೇನು, ಇದೇನು ಎಂಬ ಮಾತುಗಳನ್ನು ನರ್ಸುಗಳು ಓದಿಹೇಳುವಂತೆ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದೆ. ಕೆಳಗೆ ಹೊತ್ತುಹೊತ್ತಿಗೆ ಬರುವಂತೆ ಇಬ್ಬರು ಕನ್ನಡಿಗರ ಟೆಲಿಫೋನ್ ನಂಬರಿಗೆ ಜಾಗ ಬಿಟ್ಟಿದೆ. ಬೇಕಾದವರು ಕಾರ್ಯದರ್ಶಿಗಳಿಗೆ ತಿಳಿಸಿದರೆ ಮುಂದಿನ ಸಂಚಿಕೆಯ ಜೊತೆಗೆ ಪ್ರತಿ ಕಳಿಸುತ್ತೇವೆ. ಆಪರೇಷನ್ನಿನ ದಿನ ಹತ್ತಿರವಿದ್ದರೆ ಮೊದಲೇ ಅಂಚೆಗೆ ಹಾಕುತ್ತೇವೆ.