ನಿಮಗಿದು ಗೊತ್ತೆ? ತೆಂಗಿನ ಸೀಮೆಯ ಎಣ್ಣೆನೀರು

ವಿಯೆಟ್ನಾಂ ಪ್ರವಾಸ ಮುಗಿಸಿ ಬಂದವರು ಅಲ್ಲಿ ಅಗ್ಗಕ್ಕೆ ಸಿಗುವ ಮಸಾಜ್ ಬಗ್ಗೆ ಹೇಳುತ್ತಾರೆ. ಆದರೆ ನಮ್ಮ ತೆಂಗಿನ ಸೀಮೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಈ ಸುಖ ಮನೆಯ ಬಚ್ಚಲಲ್ಲೇ ಇದೆ. ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ಹಂಡೆ ಬೆಳಗಿ ನೀರು ತುಂಬುತ್ತಾರೆ. ನರಕ ಚತುರ್ದಶಿಯ ನಸುಕಿನಲ್ಲಿ ನೆತ್ತಿಯಿಂದ ಪಾದದವರೆಗೆ ಎಣ್ಣೆ ಹಚ್ಚಿ ನೀವಿ, ಸೀಗೆಪುಡಿಯಿಂದ ಜಿಡ್ಡು ತೆಗೆದು, ಬಿಸಿಬಿಸಿ ನೀರು ಹುಯ್ಯುತ್ತಾರೆ. ಒಲೆಗೆ ತೋಟದ ಮಟ್ಟೆ, ಸೋಗೆ, ಕರಟವೇ ಸೌದೆ. ಖರ್ಚೆಂದರೆ ಎಣ್ಣೆಯದ್ದು ಮಾತ್ರ.

ವಾಗ್ಭಟನ ಆಯುರ್ವೇದ ಗ್ರಂಥ ಅಷ್ಟಾಂಗಹೃದಯ ಅಭ್ಯಂಗವನ್ನು, ಅಂದರೆ ಮೈಗೆ ಎಣ್ಣೆ ಹಚ್ಚಿ ನೀವುವುದನ್ನು, ದಿನಚರಿಯಲ್ಲೇ ಸೇರಿಸಿದೆ. ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚಬೇಕೆನ್ನುತ್ತದೆ.

ಎಣ್ಣೆಯ ಮಾತು ಬಂದಾಗ ಇನ್ನೊಂದು ಅಚ್ಚರಿ: ತಿಪಟೂರಿಗೆ ಹೆಸರು ತಂದ ಉಂಡೆ ಕೊಬ್ಬರಿ ಹೆಚ್ಚಾಗಿ ಗಾಣಕ್ಕೆ ಹೋಗುವುದಿಲ್ಲ, ತಿನ್ನುವುದಕ್ಕೆ ಹೋಗುತ್ತದೆ. ಸಿಪ್ಪೆ ಸುಲಿಯದ ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಕೂತು, ಒಳಗಿನ ನೀರು ಇಂಗಿದ ಮೇಲೆಯೇ ಉಂಡೆಯಾಗುವುದು. ಅದಕ್ಕೇ ಬೆಂಬಲ ಬೆಲೆಯೂ ಬೇರೆ: 2025ರಲ್ಲಿ ಕ್ವಿಂಟಲ್ ಉಂಡೆ ಕೊಬ್ಬರಿಗೆ 12,100 ರೂಪಾಯಿ, ಎಣ್ಣೆ ಕೊಬ್ಬರಿಗೆ 11,582.

ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾದರೆ ಕಲಬೆರಕೆಯೆಂದು ಹೆದರಬೇಡಿ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಹೆಪ್ಪುಗಟ್ಟುವುದು ಸಹಜ. ಬಟ್ಟಲನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕರಗುತ್ತದೆ; ಮೈಗೂ ಬೆಚ್ಚಗೆ ಹಿತವಾಗಿರುತ್ತದೆ.