ಮಗಳ ಸ್ಲೈಡಿಗೆ ಇಡ್ಲಿ ಪಾತ್ರೆಯ ಪಾಠ

ನಾವು ಶಾಲೆಗೆ ಹೋಗುತ್ತಿದ್ದಾಗ ಪಾಠವೆಂದರೆ ಕರಿಹಲಗೆ, ಸೀಮೆಸುಣ್ಣ, ಗೋಡೆಗೆ ತೂಗುಹಾಕಿದ ನಕ್ಷೆ. ಈಗಿನ ಮಕ್ಕಳು ಬಂದು, "ಅಮ್ಮಾ, ನಾಳೆ ಸ್ಲೈಡ್ಸ್ ಮಾಡ್ಕೊಂಡು ಹೋಗ್ಬೇಕು" ಅಂದರೆ, "ಅದೆಲ್ಲ ನಂಗೆ ತಿಳಿಯೋಲ್ಲ, ನಿಮ್ಮಪ್ಪನ್ನ ಕೇಳು" ಎಂದು ಒಗ್ಗರಣೆ ಕಡೆ ತಿರುಗುತ್ತೇವೆ. ನಾನೂ ಹಾಗೆ ಮಾಡಿದವಳೇ. ಅದರ ಫಲವೇನಾಯಿತು, ಕೇಳಿ.

ಏಳನೇ ತರಗತಿಯ ನನ್ನ ಮಗಳು ಜಲಚಕ್ರದ ಬಗ್ಗೆ ತರಗತಿಯಲ್ಲಿ ಮಾತಾಡಬೇಕಿತ್ತು. ರಾತ್ರಿ ಕೂತು ಎಲ್ಲಿಂದಲೋ ಪುಟಗಟ್ಟಲೆ ಎತ್ತಿ ಹನ್ನೆರಡು ಸ್ಲೈಡಿಗೆ ತುಂಬಿದಳು. ಹೂವು, ಚಿಟ್ಟೆ, ಗಿರಗಿರನೆ ತಿರುಗುವ ಅಕ್ಷರ, ಯಾವುದಕ್ಕೂ ಕೊರತೆಯಿಲ್ಲ. ಮಾರನೆಯ ದಿನ ಪರದೆಯ ಮೇಲಿದ್ದುದನ್ನೇ ಗಿಣಿಯಂತೆ ಓದಿದಳು. "ಆವಿ ಮತ್ತೆ ನೀರಾಗೋದು ಯಾಕಮ್ಮ?" ಎಂದು ಟೀಚರ್ ಕೇಳಿದರೆ ಉತ್ತರವಿಲ್ಲ. ಮನೆಗೆ ಬಂದವಳೇ ಚೀಲ ಎಸೆದು, "ಇನ್ಮೇಲೆ ನಾನು ಕ್ಲಾಸಲ್ಲಿ ಎದ್ದು ನಿಲ್ಲೋದೇ ಇಲ್ಲ" ಎಂದು ಅತ್ತಳು. ನನ್ನ ಕರುಳು ಚುರ್ ಎಂದಿತು.

ಬೆಳಿಗ್ಗೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು ತೋರಿಸಿದೆ. ಒಳಗೆಲ್ಲ ಹನಿ. ಬಿಸಿ ಆವಿ ತನಗಿಂತ ತಣ್ಣಗಿರುವ ಮುಚ್ಚಳಕ್ಕೆ ತಾಗಿ ನೀರಾಗುತ್ತದೆ. ಮೇಲೇರಿದ ಆವಿ ತಣಿದು ಮೋಡವಾಗುವುದೂ ಹೀಗೇ. "ಅಯ್ಯೋ, ಇಷ್ಟೇನಾ!" ಅಂದಳು. ನನ್ನ ಹೈಸ್ಕೂಲಿನ ವಿದ್ಯೆ ಅಂದು ಕೆಲಸಕ್ಕೆ ಬಂತು. ಆ ಮುಚ್ಚಳದ ಫೋಟೋ ತೆಗೆದು, ಸಂಜೆ ಇಬ್ಬರೂ ಸೇರಿ ಐದೇ ಸ್ಲೈಡು ಮಾಡಿದೆವು.

ನಾವು ಬಳಸಿದ್ದು ಗೂಗಲ್ ಸ್ಲೈಡ್ಸ್. ಈ ಸೌಲಭ್ಯವನ್ನು ಗೂಗಲ್ 2007ರಲ್ಲಿ ಆರಂಭಿಸಿತು. ಜೀಮೇಲ್ ಖಾತೆಯಿದ್ದರೆ ಸಾಕು, ದುಡ್ಡು ಕೊಡಬೇಕಿಲ್ಲ. ಮೊಬೈಲಿನಲ್ಲೂ ಮಾಡಬಹುದು, ಕನ್ನಡದಲ್ಲೂ ಬರೆಯಬಹುದು. ನೆಟ್ ಇರುವಾಗ ಮಾಡಿದ್ದೆಲ್ಲ ತಾನಾಗಿಯೇ ಉಳಿದುಕೊಳ್ಳುತ್ತದೆ. ನಾನು ಕಲಿತ ಕೆಲವು ಸಂಗತಿಗಳು ನಿಮಗೂ ಇರಲಿ:

• ಒಂದು ಸ್ಲೈಡಿಗೆ ಒಂದೇ ವಿಷಯ, ಒಂದು ಚಿತ್ರ, ನಾಲ್ಕೈದು ಪದ. ಉಳಿದದ್ದನ್ನು ಮಗು ಬಾಯಲ್ಲಿ ಹೇಳಲಿ. ನೆನಪಿಗೆ ಬೇಕಾದ್ದನ್ನು 'ಸ್ಪೀಕರ್ ನೋಟ್ಸ್' ಎಂಬಲ್ಲಿ ಬರೆದಿಡಬಹುದು.

• ನಾಲ್ಕು ಮಕ್ಕಳು ತಮ್ಮ ತಮ್ಮ ಮನೆಯಲ್ಲೇ ಕೂತು ಒಂದೇ ಸ್ಲೈಡ್ಸ್ ಮೇಲೆ ಒಟ್ಟಿಗೆ ಕೆಲಸ ಮಾಡಬಹುದು. ಆದರೆ ಹಂಚುವಾಗ ಎಚ್ಚರ. 'ವ್ಯೂವರ್' ಬರೀ ನೋಡುವವರು, 'ಕಾಮೆಂಟರ್' ಸಲಹೆ ಬರೆಯುವವರು, 'ಎಡಿಟರ್' ತಿದ್ದುವವರು.

• ಒಮ್ಮೆ ಮಗಳ ಗೆಳತಿ ಕೈತಪ್ಪಿ ಎರಡು ಸ್ಲೈಡು ಅಳಿಸಿಬಿಟ್ಟಳು. ಕಂಪ್ಯೂಟರಿನಲ್ಲಿ 'ಫೈಲ್' ಒಳಗಿರುವ 'ವರ್ಷನ್ ಹಿಸ್ಟರಿ'ಯಿಂದ ಹಳೆಯದು ಮರಳಿ ಸಿಕ್ಕಿತು.

• ಶಾಲೆಯಲ್ಲಿ ನೆಟ್ ಕೈಕೊಟ್ಟರೆ ಎಂದು ಒಂದು ಪಿಡಿಎಫ್ ಪ್ರತಿ ಇಟ್ಟುಕೊಳ್ಳಿ. ಮನೆ ವಿಳಾಸ, ಫೋನ್ ನಂಬರ್ ಸ್ಲೈಡಿನಲ್ಲಿ ಬೇಡ.

ಟೀಚರ್ ದೊಡ್ಡ ಮನಸ್ಸು ಮಾಡಿ ಇನ್ನೊಂದು ಅವಕಾಶ ಕೊಟ್ಟರು. ಈ ಸಲ ಮಗಳು ಪರದೆಗೆ ಬೆನ್ನು ಹಾಕಿ, ಮಕ್ಕಳ ಮುಖ ನೋಡಿ ಮಾತಾಡಿದಳಂತೆ. ಇಡ್ಲಿ ಪಾತ್ರೆ ಕಂಡು ತರಗತಿಯೆಲ್ಲ ನಕ್ಕಿತಂತೆ. ಆದರೆ ಅದೇ ಪ್ರಶ್ನೆ ಮತ್ತೆ ಬಂದಾಗ ಹಿಂದಿನ ಬೆಂಚಿನವರೂ ಕೈ ಎತ್ತಿದರಂತೆ!

ಸ್ಲೈಡು ಮಾಡುವುದನ್ನು ಮಕ್ಕಳೇ ನಮಗೆ ಕಲಿಸುತ್ತಾರೆ, ನಾಚಿಕೆ ಬೇಡ. ಮುಂದಿನ ಸಲ ಒಲೆ ಸಣ್ಣಗೆ ಮಾಡಿ ಹತ್ತು ನಿಮಿಷ ಪಕ್ಕದಲ್ಲಿ ಕೂತು, "ಇದು ಯಾಕೆ ಹೀಗೆ, ನಂಗೂ ಹೇಳು" ಎಂದು ಕೇಳಿ ನೋಡಿ. ನಿಮಗೆ ಬಿಡಿಸಿ ಹೇಳಬಲ್ಲ ಮಗು ತರಗತಿಯಲ್ಲೂ ಹೇಳುತ್ತದೆ. ಏನಂತೀರಿ?